ಕರಾವಳಿಯಲ್ಲಿ ಕರೆಂಟು ಕಡಿಮೆ ಬೇಡುವ ಮನೆ: ನಿವೇಶನದಿಂದ ಮೀಟರಿನವರೆಗೆ

ಏಪ್ರಿಲ್ ತಿಂಗಳ ರಾತ್ರಿ ಒಂಬತ್ತೂವರೆಗೆ ಮಂಗಳೂರಿನ ಯಾವುದಾದರೂ ಆರ್‌ಸಿಸಿ ಮನೆಯ ಮಹಡಿ ಕೋಣೆಯಲ್ಲಿ ಸ್ಟೂಲು ಹತ್ತಿ, ಸ್ಲ್ಯಾಬಿನ ಅಡಿಭಾಗಕ್ಕೆ ಅಂಗೈ ಒತ್ತಿ ನೋಡಿ. ಸೂರ್ಯ ಮುಳುಗಿ ಮೂರು ಗಂಟೆ ಕಳೆದಿದ್ದರೂ ಅದು ಜ್ವರ ಬಂದವರ ಹಣೆಯಂತೆ ಬಿಸಿಯಾಗಿರುತ್ತದೆ. ಅದರ ಕೆಳಗೆ ತಿರುಗುವ ಫ್ಯಾನು ಆ ಬಿಸಿಯನ್ನೇ ಮಂಚದ ಮೇಲೆ ಸುರಿಯುತ್ತದೆ. ಮನೆಯವರು ಎಸಿ ಹಾಕಿಸುತ್ತಾರೆ. ಎಸಿಯು ರಾತ್ರಿಯಿಡೀ ಆ ಕಾಂಕ್ರೀಟಿನ ಜೊತೆ ಗುದ್ದಾಡುತ್ತದೆ. ಇಂಧನ ಉಳಿಸುವ ಮನೆ ಎಂದಾಗ ಸೌರಫಲಕದ ಮಾತೇ ಮೊದಲು ಬರುವುದು ನಮ್ಮಲ್ಲಿ ರೂಢಿಯಾಗಿದೆ. ಆದರೆ ಕರಾವಳಿಯ ಮನೆಯೊಂದು ಮುಂದಿನ ಐವತ್ತು ವರ್ಷ ಎಷ್ಟು ಕರೆಂಟು ಬೇಡುತ್ತದೆ ಎಂಬುದರ ಹೆಚ್ಚಿನ ಪಾಲು ಪಂಚಾಂಗ (ತಳಪಾಯ) ಹಾಕುವ ಮೊದಲೇ, ಅಂದರೆ ನಕ್ಷೆಯ ಕಾಗದದ ಮೇಲೆಯೇ ತೀರ್ಮಾನವಾಗಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ನೆರಳು ಮೊದಲು, ಗಾಳಿ ನಂತರ, ಯಂತ್ರಗಳು ಕೊನೆಗೆ ಬರುತ್ತವೆ.

ಮೊದಲು ನಮ್ಮ ಹವೆಯನ್ನು ಅರಿತುಕೊಳ್ಳುವುದು

ರಾಷ್ಟ್ರೀಯ ಕಟ್ಟಡ ಸಂಹಿತೆಯು ದೇಶವನ್ನು ಐದು ಹವಾಮಾನ ವಲಯಗಳಾಗಿ ವಿಂಗಡಿಸಿದ್ದು, ಅದರಲ್ಲಿ ಬೆಂಗಳೂರು ಸಮಶೀತೋಷ್ಣ ವಲಯದಲ್ಲಿಯೂ ಮಂಗಳೂರು–ಉಡುಪಿಗಳು ಬಿಸಿ ಮತ್ತು ತೇವದ ವಲಯದಲ್ಲಿಯೂ ಬರುತ್ತವೆ. ಬೆಂಗಳೂರಿನಲ್ಲಿ ಚೆನ್ನಾಗಿ ಕಂಡ ನಕ್ಷೆಯನ್ನು ತಂದು ಇಲ್ಲಿ ಕಟ್ಟಿದರೆ ಅದು ಕೆಲಸ ಮಾಡದಿರುವುದಕ್ಕೆ ಇದೇ ಕಾರಣ. ಬಯಲುಸೀಮೆಯಲ್ಲಿ ದಪ್ಪ ಗೋಡೆಯು ಹಗಲಿನ ಬಿಸಿಯನ್ನು ತಡೆದಿಟ್ಟುಕೊಂಡು ರಾತ್ರಿಯ ತಂಪಿನಲ್ಲಿ ಬಿಟ್ಟುಬಿಡುತ್ತದೆ. ನಮ್ಮಲ್ಲಿ ಮೇ ತಿಂಗಳ ಹಗಲು ಸುಮಾರು 33 ಡಿಗ್ರಿಯಿದ್ದರೆ ರಾತ್ರಿಯೂ 26ರ ಆಸುಪಾಸಿನಲ್ಲಿರುತ್ತದೆ. ಬಿಸಿಯನ್ನು ಬಿಟ್ಟುಕೊಡಲು ಗೋಡೆಗೆ ತಂಪೆಂಬುದೇ ಸಿಗುವುದಿಲ್ಲ. ಇಲ್ಲಿ ಮೈಗೆ ಹಿತವಾಗುವುದು ಬೆವರು ಆರಿದಾಗ, ಬೆವರು ಆರುವುದು ಗಾಳಿಯಾಡಿದಾಗ. ಆದ್ದರಿಂದ ಕರಾವಳಿಯ ಮನೆಯು ಬಿಸಿಲನ್ನು ಗೋಡೆಗೆ ಮುಟ್ಟಲು ಬಿಡದೆ, ಗಾಳಿಯನ್ನು ಮಾತ್ರ ಒಳಗೆ ಕರೆಯಬೇಕು.

ಇದರ ಮೇಲೆ ಮಳೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ನೈಋತ್ಯದಿಂದ ಓರೆಯಾಗಿ ಬಂದು ಗೋಡೆಗೆ ಹೊಡೆಯುವ ಮಳೆಯಿದು. ಇಲ್ಲೊಂದು ಅನುಕೂಲವನ್ನು ಗಮನಿಸಬೇಕು: ಸಂಜೆಯ ಬಿಸಿಲು ಮತ್ತು ಓರೆ ಮಳೆ ಎರಡೂ ಬರುವುದು ಹೆಚ್ಚುಕಡಿಮೆ ಒಂದೇ ದಿಕ್ಕಿನಿಂದ. ಪಶ್ಚಿಮಕ್ಕೆ ಚಾಚಿದ ಮಾಡು (ಚಾವಣಿ) ಒಂದೇ ಖರ್ಚಿನಲ್ಲಿ ಎರಡನ್ನೂ ತಡೆಯುತ್ತದೆ. ತುಳುನಾಡಿನ ಹಳೆಯ ಗುತ್ತಿನ ಮನೆಗಳ ಮಾಡು ಸೊಂಟದ ಮಟ್ಟದವರೆಗೆ ಇಳಿದು ಬರುತ್ತಿದ್ದದ್ದು ಅಂದಕ್ಕಾಗಿ ಅಲ್ಲ.

ನಿವೇಶನವನ್ನು ಮೂರು ಬಾರಿ ನೋಡುವುದು

ಭೂಪರಿವರ್ತನೆ, ಪಂಚಾಯತಿನ ನಮೂನೆ 9/11, ಪ್ರಾಧಿಕಾರದ ಅನುಮತಿ ಎಂದು ಕಾಗದಪತ್ರಗಳಿಗೆ ಹೇಗಿದ್ದರೂ ತಿಂಗಳುಗಳು ಹಿಡಿಯುತ್ತವೆ. ಆ ಕಾಲವನ್ನು ವ್ಯರ್ಥ ಮಾಡದೆ, ಸಾಧ್ಯವಾದರೆ ನಿವೇಶನಕ್ಕೆ ಮೂರು ಬಾರಿ ಹೋಗಿ ನಿಲ್ಲಿ. ಡಿಸೆಂಬರಿನ ನಡುಹಗಲಲ್ಲಿ ಒಮ್ಮೆ, ಮಾರ್ಚ್ ಅಥವಾ ಏಪ್ರಿಲ್‌ನ ಸಂಜೆ ನಾಲ್ಕರಿಂದ ಆರರವರೆಗೆ ಒಮ್ಮೆ, ಜುಲೈ ತಿಂಗಳ ಜೋರು ಮಳೆಯಲ್ಲಿ ಒಮ್ಮೆ. ಮೊದಲ ಬಾರಿ ದಕ್ಷಿಣದ ಮರ ಅಥವಾ ಕಟ್ಟಡದ ನೆರಳು ಎಲ್ಲಿಗೆ ಬೀಳುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಮುಂದೆ ಸೌರಫಲಕ ಎಲ್ಲಿ ಕೂರಬೇಕೆಂಬುದು ಇದರಿಂದ ತಿಳಿಯುತ್ತದೆ. ಎರಡನೆಯ ಬಾರಿ ಒಂದು ಕೋಲಿಗೆ ರಿಬ್ಬನ್ ಕಟ್ಟಿ ಹಿಡಿದು ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ನೋಡಿ. ಬೇಸಿಗೆಯಲ್ಲಿ ಮಧ್ಯಾಹ್ನದ ನಂತರ ಕಡಲಗಾಳಿ ಪಶ್ಚಿಮ–ವಾಯವ್ಯದಿಂದ ಬರುವುದು, ರಾತ್ರಿ ಕಳೆದು ಬೆಳಗಿನ ಜಾವಕ್ಕೆ ಪೂರ್ವದ ನೆಲಗಾಳಿ ಬೀಸುವುದು ಸಾಮಾನ್ಯ ನಿಯಮವಾದರೂ, ಗುಡ್ಡದ ಬದಿಯಲ್ಲಿ ಅಥವಾ ಎತ್ತರದ ಫ್ಲ್ಯಾಟಿನ ಹಿಂದೆ ನಿಮ್ಮ ಹತ್ತು ಸೆಂಟ್ಸಿಗೆ ಗಾಳಿ ತಿರುಗಿ ಬರುತ್ತಿರಬಹುದು. ಮೂರನೆಯ ಬಾರಿ ನೀರು ಹರಿಯುವ ದಾರಿಯನ್ನು ನೋಡಿದರೆ ಪಂಚಾಂಗದ ಎತ್ತರದ ಪ್ರಶ್ನೆ ತಾನಾಗಿಯೇ ಬಗೆಹರಿಯುತ್ತದೆ.

ನಕ್ಷೆ: ಸೂರ್ಯನ ಲೆಕ್ಕ

ಮಂಗಳೂರು ಸುಮಾರು 12.9 ಡಿಗ್ರಿ, ಉಡುಪಿ 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಹಾಗಾಗಿ ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮೂರನೆಯ ವಾರದಲ್ಲಿ ಸೂರ್ಯ ನಡುಹಗಲಿಗೆ ನೆತ್ತಿಯ ಮೇಲಿರುತ್ತಾನೆ. ನಡುವಿನ ಅವಧಿಯಲ್ಲಿ ಉತ್ತರಕ್ಕೆ ಸ್ವಲ್ಪವೇ ಸರಿದಿರುತ್ತಾನೆ, ಆದರೆ ಆಗ ಬಹುಪಾಲು ಮೋಡ. ಅಂದರೆ ಉತ್ತರದ ಕಿಟಕಿಯಿಂದ ವರ್ಷವಿಡೀ ಬೆಳಕು ಬರುತ್ತದೆ, ಬಿಸಿಲಿನ ಕಾಟ ಅಷ್ಟಿಲ್ಲ. ದಕ್ಷಿಣದ ಕಿಟಕಿಗೆ ಡಿಸೆಂಬರಿನಲ್ಲಿ ಸೂರ್ಯ 54 ಡಿಗ್ರಿಯಷ್ಟು ಎತ್ತರದಲ್ಲಿರುವುದರಿಂದ, ನಾಲ್ಕು ಅಡಿ ಎತ್ತರದ ಕಿಟಕಿಯನ್ನು ನಡುಹಗಲಲ್ಲಿ ಪೂರ್ತಿ ನೆರಳಿನಲ್ಲಿಡಲು ಸುಮಾರು ಮೂರು ಅಡಿಯ ಸನ್‌ಶೇಡ್ ಬೇಕು. ಮೇಸ್ತ್ರಿಗಳು ಅಭ್ಯಾಸಬಲದಿಂದ ಒಂದೂವರೆ ಅಡಿ ಹಾಕಿ ಮುಗಿಸುತ್ತಾರೆ. ನಕ್ಷೆಯಲ್ಲಿ ಅಳತೆ ಬರೆಸಿಯೇ ಕೊಡಿ.

ಪಶ್ಚಿಮಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಮಾರ್ಚ್ ತಿಂಗಳ ಸಂಜೆ ನಾಲ್ಕೂವರೆಯ ಹೊತ್ತಿಗೆ ಸೂರ್ಯ ಸುಮಾರು 30 ಡಿಗ್ರಿಗೆ ಇಳಿದಿರುತ್ತಾನೆ. ಅದೇ ನಾಲ್ಕು ಅಡಿ ಕಿಟಕಿಗೆ ಆಗ ನೆರಳು ಕೊಡಬೇಕಾದರೆ ಸನ್‌ಶೇಡ್ ಏಳು ಅಡಿ ಚಾಚಿಕೊಂಡಿರಬೇಕು, ಅದು ಸನ್‌ಶೇಡ್ ಅಲ್ಲ, ಜಗಲಿಯೇ ಆಯಿತು. ಆದ್ದರಿಂದ ಪಶ್ಚಿಮಕ್ಕೆ ಸಿಟ್‌ಔಟನ್ನೋ, ಮೆಟ್ಟಿಲನ್ನೋ, ಬಚ್ಚಲು, ಸ್ಟೋರುಗಳನ್ನೋ ಇಟ್ಟು ಮಲಗುವ ಕೋಣೆಗಳಿಗೆ ಅವುಗಳ ಮರೆಯನ್ನು ಒದಗಿಸುವುದು ಸರಿಯಾದ ಕ್ರಮ.

ಇಲ್ಲಿ ವಾಸ್ತುವಿನ ಪ್ರಶ್ನೆ ಬರುತ್ತದೆ. ಯಜಮಾನನ ಮಲಗುವ ಕೋಣೆ ನೈಋತ್ಯದಲ್ಲಿರಬೇಕೆಂದು ಮನೆಯ ಹಿರಿಯರು ಪಟ್ಟು ಹಿಡಿದರೆ, ಜಗಳಕ್ಕೆ ಹೋಗುವ ಅಗತ್ಯವಿಲ್ಲ. ಕೋಣೆ ಅಲ್ಲಿಯೇ ಇರಲಿ, ಅದರ ಪಶ್ಚಿಮದ ಗೋಡೆಗೆ ಅಟ್ಯಾಚ್ಡ್ ಬಾತ್‌ರೂಮನ್ನೂ ಉದ್ದಕ್ಕೆ ವಾರ್ಡ್‌ರೋಬನ್ನೂ ತನ್ನಿ, ಮಂಚವನ್ನು ಆ ಗೋಡೆಯಿಂದ ದೂರವಿಡಿ. ಅಡುಗೆಮನೆ ಆಗ್ನೇಯದಲ್ಲಿರಬೇಕೆಂಬ ಮಾತಂತೂ ನಮ್ಮೂರಿನ ಗಾಳಿಗೆ ಚೆನ್ನಾಗಿಯೇ ಹೊಂದುತ್ತದೆ: ಸಂಜೆಯ ಕಡಲಗಾಳಿ ಒಲೆಯ ಬಿಸಿಯನ್ನೂ ಮೀನಿನ ವಾಸನೆಯನ್ನೂ ಮನೆಯೊಳಕ್ಕೆ ತರದೆ ಪೂರ್ವದ ಕಡೆಗೆ ಹೊರಕ್ಕೆ ತಳ್ಳುತ್ತದೆ.

ಇದನ್ನೆಲ್ಲ ಬರೆಯುತ್ತಿರುವ ನಾನೇ ಉಡುಪಿಯ ಹತ್ತಿರ ಮನೆ ಕಟ್ಟಿಸುವಾಗ ಸೂರ್ಯಾಸ್ತ ನೋಡುವ ಆಸೆಗೆ ಬಿದ್ದು, ಮಹಡಿಯ ಪಶ್ಚಿಮಕ್ಕೆ ಆರು ಅಡಿ ಅಗಲದ ಗಾಜು ಇಡಿಸಿದ್ದೆ. ಮೊದಲ ಬೇಸಿಗೆಯಲ್ಲಿಯೇ ಅದಕ್ಕೆ ದಪ್ಪ ಪರದೆ ಬಂತು, ಮೊದಲ ಮಳೆಗಾಲದಲ್ಲಿ ಅದರ ಅಂಚಿನಿಂದ ನೀರು ಒಳಗೆ ಇಳಿಯಿತು. ಸೂರ್ಯಾಸ್ತವನ್ನು ಈಗ ಅಂಗಳದಲ್ಲಿ ನಿಂತು ನೋಡುತ್ತೇವೆ.

ಪಂಚಾಂಗ ಮತ್ತು ಗೋಡೆ

ಪಂಚಾಂಗವನ್ನು ಅಂಗಳದ ಮಟ್ಟದಿಂದ ಎರಡು ಅಡಿಯಾದರೂ ಎತ್ತರಿಸಿ, ಅದರ ಮೇಲೆ ತೇವ ಏರದಂತೆ ತಡೆಯುವ ಕಾಂಕ್ರೀಟ್ ಪಟ್ಟಿಯನ್ನು ಬಿಡದೆ ಹಾಕಿಸಿ. ತೇವವೇರಿದ ಗೋಡೆಗೂ ಕರೆಂಟಿಗೂ ಏನು ಸಂಬಂಧ ಎನ್ನಿಸಬಹುದು; ಎಸಿಯ ಕೆಲಸದಲ್ಲಿ ದೊಡ್ಡ ಪಾಲು ಗಾಳಿಯ ತೇವವನ್ನು ಹಿಂಡುವುದೇ ಆಗಿರುವುದರಿಂದ, ಗೋಡೆ ಒಸರಿದಷ್ಟೂ ಬಿಲ್ಲು ಏರುತ್ತದೆ.

ಗೋಡೆಗೆ ನಮ್ಮ ಕೆಂಪು ಕಲ್ಲಿಗಿಂತ ಒಳ್ಳೆಯದನ್ನು ದೂರದಿಂದ ತರಿಸುವ ಅಗತ್ಯ ಬಹಳ ಮನೆಗಳಿಗಿಲ್ಲ. ಅದನ್ನು ಸುಡಬೇಕಾಗಿಲ್ಲ, ನೆಲದಿಂದ ಕಡಿದು ತೆಗೆದದ್ದೇ ಗೋಡೆಗೆ ಬರುತ್ತದೆ, ಗಾಳಿಗೆ ತೆರೆದುಕೊಂಡಂತೆ ಗಟ್ಟಿಯಾಗುತ್ತದೆ. ಆದರೆ ಕಲ್ಲು ಆರಿಸುವಾಗ ಲಾರಿಯ ಹತ್ತಿರ ನಿಂತು ನೋಡಬೇಕು. ಹಳದಿ ಮಣ್ಣಿನ ಗೂಡುಗಳು ತುಂಬಿರುವ, ಉಗುರಿನಿಂದ ಕೆರೆದರೆ ಉದುರುವ ಕಲ್ಲನ್ನು ವಾಪಸು ಕಳುಹಿಸಿ. ಎರಡು ಕಲ್ಲುಗಳನ್ನು ಒಂದಕ್ಕೊಂದು ಬಡಿದಾಗ ಮಂಕಾದ ಸದ್ದು ಬಂದರೆ ಅದೂ ಒಳ್ಳೆಯ ಲಕ್ಷಣವಲ್ಲ. ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳಿಗೆ ಮಾಡಿನ ಚಾಚು ಕಡಿಮೆಯಿದ್ದರೆ ಹೊರಗಡೆ ಸಾರಣೆ ಮಾಡಿಸಿ, ತಿಳಿ ಬಣ್ಣವನ್ನೇ ಬಳಿಸಿ. ಕಡುಬೂದು ಬಣ್ಣ ಈಚೆಗೆ ಎಲ್ಲರಿಗೂ ಮೆಚ್ಚುಗೆಯಾಗಿದೆ. ಪಶ್ಚಿಮದ ಗೋಡೆಗೆ ಅದನ್ನು ಬಳಿದರೆ ಒಲೆಗೆ ಸೌದೆ ಇಟ್ಟಂತೆ. ಕಾಂಕ್ರೀಟ್ ಬ್ಲಾಕನ್ನೇ ಬಳಸುವುದಾದರೆ ಪಶ್ಚಿಮಕ್ಕೆ ಮಾತ್ರವಾದರೂ ಒಳಗೆ ಗಾಳಿಗುಳ್ಳೆಗಳಿರುವ, ಹಗುರವಾದ ಎಎಸಿ ಬ್ಲಾಕ್ ಹಾಕಿಸಬಹುದು, ಆದರೆ ಅದು ನೀರು ಕುಡಿಯುವ ವಸ್ತುವಾದ್ದರಿಂದ ಹೊರಸಾರಣೆ ಬಿರುಕಿಲ್ಲದಂತೆ ಇರಬೇಕು.

ಮಾಡು: ಹಣ ಹಾಕಬೇಕಾದ ಜಾಗ

ಒಂದಂತಸ್ತಿನ ಮನೆಗೆ ಬರುವ ಬಿಸಿಯ ದೊಡ್ಡ ದಾರಿ ಮಾಡು. ಸೂರ್ಯ ನೆತ್ತಿಯ ಸುತ್ತಲೇ ಸುಳಿಯುವ ನಮ್ಮ ಊರಿನಲ್ಲಿ ಗೋಡೆಗಿಂತ ಸ್ಲ್ಯಾಬಿನ ಮೇಲೆ ಬೀಳುವ ಬಿಸಿಲೇ ಹೆಚ್ಚು. ಕೇಂದ್ರದ ಇಂಧನ ದಕ್ಷತಾ ಬ್ಯೂರೊ (ಬಿಇಇ) 2018ರಲ್ಲಿ ಹೊರತಂದ ಇಕೋ ನಿವಾಸ ಸಂಹಿತೆಯು ಚಾವಣಿಯ ಮೂಲಕ ಬಿಸಿ ದಾಟುವ ಪ್ರಮಾಣವನ್ನು, ಅಂದರೆ ಯು–ಮೌಲ್ಯವನ್ನು 1.2 ವ್ಯಾಟ್‌ಗೆ ಮಿತಿಗೊಳಿಸಿದೆ (ಪ್ರತಿ ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ). ಬರಿಯ ಆರ್‌ಸಿಸಿ ಸ್ಲ್ಯಾಬಿನಲ್ಲಿ ಅದು 3ನ್ನೂ ದಾಟುತ್ತದೆ. ಆ ಸಂಹಿತೆ 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ, ಅಂದರೆ ಸುಮಾರು ಹನ್ನೆರಡು ಸೆಂಟ್ಸ್ ಮೀರಿದ ನಿವೇಶನಗಳನ್ನು ಉದ್ದೇಶಿಸಿದ್ದಾದರೂ, ಐದು ಸೆಂಟ್ಸಿನ ಮನೆಗೂ ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಮಳೆ ಸೋರುತ್ತದೆಂದು ಟೆರೇಸಿನ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ತಗಡಿನ ಶೀಟು ಹಾಕಿಸುವುದು ಇಂದು ಇಲ್ಲಿ ಮನೆಮನೆಯ ಕಥೆ. ಹತ್ತು ವರ್ಷ ಕಳೆದ ಮೇಲೆ ಹೇಗೂ ಮಾಡಿಸುವ ಈ ಕೆಲಸವನ್ನು ಮೊದಲೇ ಯೋಜಿಸಿ, ಹಂಚಿನಿಂದ ಮಾಡಿಸುವುದೇ ಕರಾವಳಿಗೆ ನಾನು ಕಂಡಂತೆ ಅತ್ಯುತ್ತಮ ಮಾಡು. ಕೆಳಗೆ ಸಾಧಾರಣ ಸ್ಲ್ಯಾಬು, ಮೇಲೆ ಜಿಐ ಪೈಪಿನ ಅಥವಾ ಮರದ ಪಕ್ಕಾಸು–ರೀಪಿನ ಮೇಲೆ ಮಂಗಳೂರು ಹಂಚು, ನಡುವೆ ಎರಡೂ ಬದಿಗೆ ತೆರೆದ ಗಾಳಿಯ ಜಾಗ. ಸ್ಲ್ಯಾಬು ನೆರಳಿನಲ್ಲಿಯೇ ಇರುವುದರಿಂದ ಅದು ಕಾಯುವುದೇ ಇಲ್ಲ. ಬಟ್ಟೆ ಒಣಗಿಸಲು, ಕಾಯಿ ಹರವಲು ಮಳೆಗಾಲದಲ್ಲಿಯೂ ಜಾಗ ಸಿಗುತ್ತದೆ. ತ್ರಿಕೋನದ ಬದಿಗಳನ್ನು ಇಟ್ಟಿಗೆಯಿಂದ ಮುಚ್ಚಿಸಿದರೆ ಮಾತ್ರ ಲಾಭವೆಲ್ಲ ಹೋಯಿತು. ಅಲ್ಲಿ ಜಾಲಿಯೇ ಬರಬೇಕು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನ ನೇತ್ರಾವತಿ ದಂಡೆಯಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದಂದಿನಿಂದ ಈ ಹಂಚಿನ ಗುಣ ಬದಲಾಗಿಲ್ಲ: ಸಂದುಗಳಲ್ಲಿ ಗಾಳಿಯಾಡುತ್ತದೆ, ಒಂದು ಒಡೆದರೆ ಒಂದನ್ನೇ ಬದಲಿಸಬಹುದು, ಕತ್ತಲೆಯ ಮೂಲೆಗೆ ಒಂದೆರಡು ಗಾಜಿನ ಹಂಚು ಸಿಕ್ಕಿಸಿದರೆ ಹಗಲಲ್ಲಿ ದೀಪ ಬೇಡ.

ಈಚೆಗೆ ಓರೆಯಾಗಿ ಸ್ಲ್ಯಾಬು ಹೊಯ್ದು ಅದರ ಮೇಲೆ ಸಿಮೆಂಟಿನಿಂದ ಹಂಚು ಅಂಟಿಸುವುದು ಹೆಚ್ಚಾಗಿದೆ. ನೋಡಲು ಹಂಚಿನ ಮನೆಯಂತಿದ್ದರೂ ಹಂಚಿಗೂ ಕಾಂಕ್ರೀಟಿಗೂ ನಡುವೆ ಗಾಳಿಯಿಲ್ಲದ ಕಾರಣ ಬಿಸಿ ನೇರವಾಗಿ ಇಳಿಯುತ್ತದೆ. ಅದಕ್ಕೆ ಹಾಕುವ ಹಣವನ್ನು ಬೇರೆಡೆಗೆ ಉಳಿಸಿಕೊಳ್ಳಿ.

ಟೆರೇಸು ತೆರೆದೇ ಇರಬೇಕೆನ್ನುವವರು ನೀರು ತಡೆಯುವ ಲೇಪದ ಮೇಲೆ 40ರಿಂದ 50 ಮಿಲಿಮೀಟರಿನ, ಬಿಸಿ ತಡೆಯುವ ಎಕ್ಸ್‌ಪಿಎಸ್ ಹಲಗೆ, ಅದರ ಮೇಲೆ ನೂರು ಅಡಿಗೆ ಒಂದು ಅಡಿಗಿಂತ ಕಡಿಮೆಯಾಗದ ಇಳಿಜಾರಿನ ಕಾಂಕ್ರೀಟ್, ಕೊನೆಗೆ ಬಿಳಿಯ ಟೈಲ್ಸ್ ಎಂಬ ಕ್ರಮದಲ್ಲಿ ಹಾಕಿಸಬೇಕು. ಇದರಿಂದ ಯು–ಮೌಲ್ಯ 1ಕ್ಕಿಂತ ಕೆಳಗಿಳಿಯುತ್ತದೆ. ಹಲಗೆಯನ್ನು ಸ್ಲ್ಯಾಬಿನ ಕೆಳಗೆ, ಫಾಲ್ಸ್ ಸೀಲಿಂಗಿನ ಒಳಗೆ ಇಡುವುದು ಎರಡನೆಯ ದರ್ಜೆಯ ಉಪಾಯ. ಆಗ ಸ್ಲ್ಯಾಬಂತೂ ಕಾದೇ ಕಾಯುತ್ತದೆ. ಲಾರಿ ಬೇಕರ್ ಕೇರಳದಲ್ಲಿ ಪ್ರಚಾರಕ್ಕೆ ತಂದ ಫಿಲ್ಲರ್ ಸ್ಲ್ಯಾಬಿನಲ್ಲಿ, ಕಾಂಕ್ರೀಟಿಗೆ ಕೆಲಸವಿಲ್ಲದ ಅಡಿಭಾಗದಲ್ಲಿ ಹಂಚುಗಳನ್ನು ಜೋಡಿಸಿ ಸಿಮೆಂಟು ಉಳಿಸುತ್ತಾರೆ. ಬಿಸಿಯೂ ಕೊಂಚ ತಗ್ಗುತ್ತದೆ, ಆದರೆ ಅದೊಂದನ್ನೇ ನಂಬಿ ಮೇಲೆ ನೆರಳು ಬಿಡಬಾರದು. ಅದನ್ನು ಬಲ್ಲ ಮೇಸ್ತ್ರಿ ಸಿಕ್ಕರೆ ಮಾತ್ರ ಕೈಹಾಕಿ.

ಕಿಟಕಿ: ತೆರೆಯುವಷ್ಟೇ ಲೆಕ್ಕ

ಅದೇ ಇಕೋ ನಿವಾಸ ಸಂಹಿತೆಯು ನಮ್ಮ ವಲಯಕ್ಕೆ, ನೆಲದ ವಿಸ್ತೀರ್ಣದ ಶೇ. 16.66ರಷ್ಟು ಅಂದರೆ ಆರನೇ ಒಂದು ಭಾಗದಷ್ಟು ತೆರೆಯಬಲ್ಲ ಕಿಟಕಿ–ಬಾಗಿಲುಗಳಿರಬೇಕೆಂದು ಹೇಳುತ್ತದೆ. ಐದು ವಲಯಗಳಲ್ಲಿ ಅತಿ ಹೆಚ್ಚು ಕೇಳಿರುವುದು ನಮಗೇ. 120 ಚದರಡಿಯ ಕೋಣೆಗೆ 20 ಚದರಡಿ ಬೇಕಾಯಿತು. ಇಲ್ಲಿ ಮೋಸ ಹೋಗುವುದು ಸ್ಲೈಡಿಂಗ್ ಕಿಟಕಿಯಿಂದ. ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿ ಎಷ್ಟು ದೊಡ್ಡದಿದ್ದರೂ ಅರ್ಧವೇ ತೆರೆಯುವುದರಿಂದ 20 ಚದರಡಿ ಕೊಂಡವರಿಗೆ 10 ಚದರಡಿಯ ಗಾಳಿ ಸಿಗುತ್ತದೆ. ಸೊಳ್ಳೆಜಾಲರಿ ಅದರಲ್ಲಿಯೂ ಒಂದು ಪಾಲನ್ನು ಕಡಿಯುತ್ತದೆ, ಮತ್ತು ಮಂಗಳೂರಿನಲ್ಲಿ ಜಾಲರಿಯಿಲ್ಲದೆ ಮಲಗಿ ಎಂದು ಯಾರಿಗೂ ಹೇಳುವ ಧೈರ್ಯ ನನಗಿಲ್ಲ. ಆದ್ದರಿಂದ ಪೂರ್ತಿ ತೆರೆದುಕೊಳ್ಳುವ ಬಾಗಿಲಿನ ಕಿಟಕಿಯನ್ನೇ ಆರಿಸಿ, ಪ್ರತಿ ಕೋಣೆಗೂ ಎರಡು ಬೇರೆ ಗೋಡೆಗಳಲ್ಲಿ ಇಡಿಸಿ. ಗಾಳಿ ಒಳಬರುವ ಕಿಟಕಿಯ ಕೆಳ ಅಂಚು ಮಂಚದ ಮಟ್ಟಕ್ಕಿರಲಿ. ನಾಲ್ಕು ಅಡಿ ಮೇಲಿಟ್ಟರೆ ಗಾಳಿ ತಲೆಯ ಮೇಲಿನಿಂದ ಹಾದು ಹೋಗುತ್ತದೆ. ಹೊರಹೋಗುವ ದಾರಿಯಾಗಿ ಎದುರು ಗೋಡೆಯ ಮೇಲ್ತುದಿಗೆ ವೆಂಟಿಲೇಟರು ಬೇಕು. ಕಡಲಿಗೆ ಹತ್ತಿರವಿದ್ದರೆ ಕಬ್ಬಿಣದ ಚೌಕಟ್ಟು ಉಪ್ಪುಗಾಳಿಗೆ ಬಾಳುವುದಿಲ್ಲ, ಹಲಸು, ಸಾಗುವಾನಿ ಅಥವಾ ಯುಪಿವಿಸಿ ವಾಸಿ.

ಕಿಟಕಿಯ ಹೊರಗೆ ಏನಿದೆ ಎಂಬುದೂ ಮುಖ್ಯ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿದ ಮೇಲೆ ಅದನ್ನು ದಾಟಿ ಬರುವ ಗಾಳಿ ಕಾದೇ ಒಳಗೆ ಬರುತ್ತದೆ. ಕಾರು ನಿಲ್ಲುವಷ್ಟು ಬಿಟ್ಟು ಉಳಿದದ್ದು ಮಣ್ಣಾಗಿಯೇ ಇರಲಿ. ತೆಂಗಿನ ನೆರಳು ಬೀಳುವುದು ಮಾಡಿನ ಮೇಲೆ, ಗೋಡೆಗೆ ಅದು ಆಗುವುದಿಲ್ಲ. ಪಶ್ಚಿಮದ ಗೋಡೆಗೆ ಎರಡು ಅಡಿ ದೂರದಲ್ಲಿ ಒಂದು ಬಸಳೆ ಚಪ್ಪರ ನಿಲ್ಲಿಸಿದರೆ ಎರಡು ತಿಂಗಳಲ್ಲಿ ಹಸಿರು ಪರದೆ ಸಿದ್ಧ. ನನ್ನ ಆರು ಅಡಿಯ ಗಾಜಿಗೆ ಕೊನೆಗೆ ಮದ್ದಾದದ್ದು ಅದೇ, ವಾರಕ್ಕೊಮ್ಮೆ ಗಸಿಯೂ ಆಗುತ್ತದೆ.

ಎಸಿ ಕೋಣೆ ಮತ್ತು ಫ್ಯಾನು

ಇಡೀ ಮನೆಯನ್ನು ಗಾಳಿಗೆ ತೆರೆದು, ಒಂದೇ ಒಂದು ಕೋಣೆಯನ್ನು ಎಸಿಗೆಂದು ಬಿಗಿಯಾಗಿ ಕಟ್ಟಿ. ಆ ಕೋಣೆ ಕೆಳ ಅಂತಸ್ತಿನಲ್ಲಿ, ಪೂರ್ವ ಅಥವಾ ಉತ್ತರಕ್ಕಿರಲಿ. ಕಿಟಕಿಗೆ ರಬ್ಬರ್ ಅಂಚು, ಬಾಗಿಲಡಿಯ ಸಂದಿಗೆ ಪಟ್ಟಿ ಇರಲಿ. ಮಹಡಿಯ ನೈಋತ್ಯ ಕೋಣೆಗೆ ಎಸಿ ಹಾಕಿ, ಹಂಚಿನ ಸಂದು ಅಥವಾ ತೆರೆದ ವೆಂಟಿಲೇಟರು ಬಿಟ್ಟವರು ಕಡಲಿನ ತೇವವನ್ನೇ ಹಿಂಡುತ್ತ ಕೂರಬೇಕಾಗುತ್ತದೆ. 120 ಚದರಡಿಗೆ ಒಂದು ಟನ್ನು ಸಾಕು. ಒಂದೂವರೆ ಟನ್ನಿನದನ್ನು ಕೊಂಡರೆ ಅದು ಬೇಗನೆ ತಂಪು ಮಾಡಿ ನಿಂತುಬಿಡುತ್ತದೆ, ತೇವ ಹಾಗೆಯೇ ಉಳಿದು ಮೈ ಜಿಗುಟಾಗುತ್ತದೆ. ಫ್ಯಾನು ನಿಧಾನಕ್ಕೆ ತಿರುಗುತ್ತಿರಲು ಎಸಿಯನ್ನು 26ಕ್ಕಿಟ್ಟರೆ ನಿದ್ದೆಗೆ ಧಾರಾಳವಾಯಿತು.

ಫ್ಯಾನಿನ ಲೆಕ್ಕವನ್ನು ಕಾಗದದಲ್ಲಿ ಹಾಕಿ ನೋಡುವವರು ಕಡಿಮೆ. ಹಳೆಯ ಮಾದರಿಯ ಫ್ಯಾನು 75 ವ್ಯಾಟ್ ತೆಗೆದುಕೊಂಡರೆ, ಕಡಿಮೆ ಕರೆಂಟು ಬೇಡುವ ಮೋಟರಿನ ಬಿಎಲ್‌ಡಿಸಿ ಫ್ಯಾನು ಸುಮಾರು 30 ವ್ಯಾಟ್ ತೆಗೆದುಕೊಳ್ಳುತ್ತದೆ. ದಿನಕ್ಕೆ 12 ಗಂಟೆಯಂತೆ ಐದು ಫ್ಯಾನುಗಳು ತಿಂಗಳಿಗೆ 135 ಯೂನಿಟ್ ಬೇಡುವಲ್ಲಿ ಬಿಎಲ್‌ಡಿಸಿಗೆ 54 ಸಾಕು. ಗೃಹಜ್ಯೋತಿಯ 200 ಯೂನಿಟ್ ಮಿತಿಯೊಳಗೆ ಉಳಿಯುವುದೋ ಮೀರುವುದೋ ಎಂಬುದು ಎಷ್ಟೋ ಮನೆಗಳಲ್ಲಿ ಈ 81 ಯೂನಿಟ್‌ಗಳಲ್ಲಿ ನಿರ್ಧಾರವಾಗುತ್ತದೆ.

ಬಿಸಿನೀರು, ಅಡುಗೆ, ಮಳೆನೀರು

ನಮ್ಮ ಬಾವಿಯ ನೀರು 27 ಡಿಗ್ರಿಯ ಆಸುಪಾಸಿನಲ್ಲಿಯೇ ಇರುವುದರಿಂದ ನೂರು ಲೀಟರನ್ನು ಸ್ನಾನದ ಹದಕ್ಕೆ ತರಲು ಎರಡು ಯೂನಿಟ್ ಸಾಕಾಗುತ್ತದೆ. ಸೋಲಾರ್ ಹೀಟರು ಎಂಟು ತಿಂಗಳು ಅದನ್ನೂ ಉಳಿಸುತ್ತದೆ, ಮಳೆಗಾಲದಲ್ಲಿ ಕೈಕೊಡುತ್ತದೆ. ತೆಂಗಿನ ತೋಟವಿರುವವರು ಬಚ್ಚಲಿನ ಹಂಡೆಗೆ ಒಂದು ಮೂಲೆಯನ್ನು ಉಳಿಸಿಕೊಂಡರೆ ಮಡಲು, ಸಿಪ್ಪೆಗಳಿಗೆ ದಾರಿಯಾಗುತ್ತದೆ. ಹೊಗೆ ಮನೆಯೊಳಗೆ ತಿರುಗದಂತೆ ಅದನ್ನು ಪೂರ್ವದ ಬದಿಗಿಡಿ. ಕುಚ್ಚಲಕ್ಕಿ ಬೇಯಲು ಗ್ಯಾಸು ಬಹಳ ಹೊತ್ತು ಉರಿಯುತ್ತದೆ. ಒಮ್ಮೆ ಚೆನ್ನಾಗಿ ಕುದಿಸಿ ಥರ್ಮಲ್ ಕುಕ್ಕರಿನಲ್ಲಿ ಮುಚ್ಚಿಟ್ಟರೆ ಉಳಿದದ್ದು ತನ್ನಷ್ಟಕ್ಕೆ ಬೇಯುತ್ತದೆ, ಅಡುಗೆಮನೆಯೂ ಕಾಯುವುದಿಲ್ಲ.

ಸಾವಿರ ಚದರಡಿಯ ಮಾಡಿನ ಮೇಲೆ ವರ್ಷಕ್ಕೆ ಮೂರು ಲಕ್ಷ ಲೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಮಾಡಿನಂಚಿನ ದಂಬೆಯಲ್ಲಿ ಹರಿದು ಬರುವ ನೀರನ್ನು ಮರಳಿನ ಸೋಸುಗುಂಡಿಯ ಮೂಲಕ ಬಾವಿಗೆ ಬಿಟ್ಟರೆ, ಮಂಗಳೂರಿಗೆ ನೀರು ಕೊಡುವ ತುಂಬೆ ಅಥವಾ ಉಡುಪಿಗೆ ಕೊಡುವ ಬಜೆ ಅಣೆಕಟ್ಟಿನಲ್ಲಿ ನೀರಿಳಿದ ಮೇ ತಿಂಗಳಲ್ಲಿ ಪಂಪು ಕಡಿಮೆ ಆಳದಿಂದ ನೀರೆತ್ತುತ್ತದೆ.

ಸೌರಫಲಕ

ಇಷ್ಟೆಲ್ಲ ಆದ ಮೇಲೆ ಮಾಡಿನ ಮೇಲೆ ಎಷ್ಟು ಫಲಕ ಬೇಕೆಂದು ಲೆಕ್ಕ ಹಾಕಿ. ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರಡಿ ಜಾಗ ಬೇಕು, ಒಳ್ಳೆಯ ಬಿಸಿಲಿನ ದಿನ ನಾಲ್ಕು ಯೂನಿಟ್ ಆಸುಪಾಸು ಸಿಗುತ್ತದೆ, ಜುಲೈಯಲ್ಲಿ ಅದು ತೀರಾ ಇಳಿಯುತ್ತದೆ. ಮೆಸ್ಕಾಂನ ನೆಟ್ ಮೀಟರಿನಲ್ಲಿ ಹೆಚ್ಚಾದದ್ದನ್ನು ಗ್ರಿಡ್ಡಿಗೆ ಕೊಡಬಹುದು. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರು ಮತ್ತು ಮೇಲ್ಪಟ್ಟದ್ದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುವುದಾದರೆ, ತಿಂಗಳಿಗೆ 150 ಯೂನಿಟ್‌ನೊಳಗೆ ಮುಗಿಸುವ ಮನೆಗೆ ಈಗಲೇ ಫಲಕದ ಅವಸರವಿಲ್ಲ. ಬದಲಿಗೆ ಮೀಟರಿನಿಂದ ಮಾಡಿನವರೆಗೆ ಖಾಲಿ ಪೈಪೊಂದನ್ನು ಗೋಡೆಯೊಳಗೆ ಹಾಯಿಸಿಡಿ. ನೀರಿನ ಟ್ಯಾಂಕನ್ನು ಉತ್ತರದ ಬದಿಗಿಟ್ಟರೆ ಚಳಿಗಾಲದಲ್ಲಿ ಅದರ ನೆರಳು ಫಲಕಕ್ಕೆ ಬೀಳುವುದಿಲ್ಲ. ತೆಂಗಿನ ಒಂದು ಗರಿಯ ನೆರಳು ಬಿದ್ದರೂ ಸಾಲಿನಲ್ಲಿ ಜೋಡಿಸಿದ ಫಲಕಗಳ ಉತ್ಪಾದನೆ ಕುಸಿಯುತ್ತದೆ.

ಕೆಲಸ ನಡೆಯುವಾಗ ಮತ್ತು ಮೊದಲ ವರ್ಷ

ನಕ್ಷೆಯಲ್ಲಿ ಬರೆದದ್ದು ಸೈಟಿನಲ್ಲಿ ಬದಲಾಗುವುದು ಮೂರು ದಿನಗಳಲ್ಲಿ: ಸನ್‌ಶೇಡಿನ ಸೆಂಟ್ರಿಂಗ್ ಕಟ್ಟುವ ದಿನ, ಕಿಟಕಿಯ ದಾರಂದ ನಿಲ್ಲಿಸುವ ದಿನ, ಮಾಡಿನ ಬದಿ ಮುಚ್ಚುವ ದಿನ. ಆ ಮೂರು ದಿನ ರಜೆ ಹಾಕಿ ಟೇಪು ಹಿಡಿದು ಅಲ್ಲಿಯೇ ಇರಿ. ಹೊರಗೋಡೆಯ ಕೊನೆಯ ಬಣ್ಣವನ್ನು ಒಂದು ಮಳೆಗಾಲ ಕಳೆದ ಮೇಲೆ ಬಳಿಸಿ. ಪಶ್ಚಿಮದ ಗೋಡೆಯಲ್ಲಿ ತೇವದ ಕಲೆ ಎಲ್ಲಿ ಮೂಡಿತೋ ಅಲ್ಲಿ ಮಾಡು ಇನ್ನೊಂದು ಅಡಿ ಚಾಚಬೇಕೆಂದು ಅರ್ಥ. ಮೊದಲ ಏಪ್ರಿಲ್ ಬಂದಾಗ ರಾತ್ರಿ ಒಂಬತ್ತೂವರೆಗೆ ಸ್ಟೂಲು ಹತ್ತಿ, ಸ್ಲ್ಯಾಬಿಗೊಮ್ಮೆ, ಪಶ್ಚಿಮದ ಗೋಡೆಗೊಮ್ಮೆ ಅಂಗೈ ಇಟ್ಟು ನೋಡಿ. ಎರಡರಲ್ಲಿ ಯಾವುದು ಬಿಸಿಯಿದೆಯೋ, ಮುಂದಿನ ವರ್ಷದ ಖರ್ಚು ಆ ಕಡೆಗೆ.